ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆಯೇ? ಡಾ. ವರ್ಟೈಮ್ ಬದುಕಿನಲ್ಲಿದೆ ಉತ್ತರ

ಆಪರೇಷನ್ ಮಾಡಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ನೂರು ವರ್ಷಗಳ ಹಿಂದೆಯೇ ಈ ಅಪಾಯದ ಬಗ್ಗೆ ಯೋಚಿಸಿ ದಾರಿ ಹುಡುಕಿದ ವೈದ್ಯರೊಬ್ಬರಿದ್ದರು. ಅವರ ಬದುಕನ್ನು ನೋಡೋಣ.

ಅರ್ನ್ಸ್ಟ್ ವರ್ಟೈಮ್ ಹುಟ್ಟಿದ್ದು 1864ರಲ್ಲಿ, ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ. 1888ರಲ್ಲಿ ವೈದ್ಯ ಪದವಿ ಪಡೆದು, ಮುಂದೆ ವಿಯೆನ್ನಾದಲ್ಲಿ ಸ್ತ್ರೀರೋಗ ತಜ್ಞರಾಗಿ ಹೆಸರು ಮಾಡಿದರು. 1898ರ ನವೆಂಬರ್ 16ರಂದು ಗರ್ಭಕೊರಳಿನ ಕ್ಯಾನ್ಸರ್‌ಗೆ ಹೊಸ ಬಗೆಯ ಆಪರೇಷನ್ ಮಾಡಿದರು. ಹೊಟ್ಟೆ ತೆರೆದು ಗರ್ಭಕೋಶದ ಜೊತೆ ಸುತ್ತಲಿನ ಅಂಗಾಂಶವನ್ನೂ ತೆಗೆದರು. ಮೊದಲ 29 ಮಂದಿಯಲ್ಲಿ ನೂರಕ್ಕೆ 38ರಷ್ಟು ಜನ ಬದುಕುಳಿಯಲಿಲ್ಲ. ಅವರು ಕೈಬಿಡಲಿಲ್ಲ, ವಿಧಾನ ತಿದ್ದುತ್ತಾ ಹೋದರು. 1911ರಲ್ಲಿ 500 ಆಪರೇಷನ್‌ಗಳ ಲೆಕ್ಕ ಕೊಟ್ಟರು. ಅಷ್ಟರಲ್ಲಿ ಸಾವಿನ ಪ್ರಮಾಣ ನೂರಕ್ಕೆ ಸುಮಾರು 10ಕ್ಕೆ ಇಳಿದಿತ್ತು.

ಅವರ ಹೆಸರಿನ ಇಕ್ಕಳ ಇಂದಿಗೂ ಇದೆ. ಗಡ್ಡೆಯ ಕೆಳಗೆ ಯೋನಿಯನ್ನು ಈ ಬಾಗಿದ ಇಕ್ಕಳದಿಂದ ಬಿಗಿಯಾಗಿ ಮುಚ್ಚಿ, ಅದರ ಕೆಳಗೆ ಕತ್ತರಿಸುತ್ತಾರೆ. ಸಿಂಧನೂರು ತಾಲ್ಲೂಕಿನ ಮುಕ್ಕುಂದದ ಕಡೆ ಭತ್ತದ ಚೀಲದ ಬಾಯಿ ಹೊಲಿದೇ ಲಾರಿಗೆ ಏರಿಸುವುದಿಲ್ಲವೇ? ಇದೂ ಹಾಗೆಯೇ: ಕ್ಯಾನ್ಸರ್ ಕಣ ಒಳಗೆ ಚೆಲ್ಲಬಾರದು. 1920ರಲ್ಲಿ ಇನ್‌ಫ್ಲುಯೆಂಜಾ ಜ್ವರದಿಂದ ವರ್ಟೈಮ್ ತೀರಿಕೊಂಡರು.

ಅವರು ಎತ್ತಿಕೊಂಡ ಪ್ರಶ್ನೆ ಈಗ ಗರ್ಭಕೋಶದ ಒಳಪದರದ ಕ್ಯಾನ್ಸರ್‌ನಲ್ಲಿ ಮತ್ತೆ ಬಂದಿದೆ. ಸಣ್ಣ ರಂಧ್ರದ ಆಪರೇಷನ್‌ನಲ್ಲಿ ಗರ್ಭಕೋಶವನ್ನು ಅತ್ತಿತ್ತ ಸರಿಸಲು ಯೋನಿಯ ಮೂಲಕ ಮ್ಯಾನಿಪ್ಯುಲೇಟರ್ ಎಂಬ ಸಾಧನ ತೂರಿಸುತ್ತಾರೆ. 2021ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನವೊಂದು 2,661 ಮಹಿಳೆಯರ ಹಳೆಯ ದಾಖಲೆ ನೋಡಿತು. ಈ ಸಾಧನ ಬಳಸಿದವರಲ್ಲಿ ನೂರಕ್ಕೆ ಸುಮಾರು 12 ಮಂದಿಗೆ, ಬಳಸದವರಲ್ಲಿ ಸುಮಾರು 7 ಮಂದಿಗೆ ರೋಗ ಮರುಕಳಿಸಿತ್ತು. ಆದರೆ ಹಳೆಯ ದಾಖಲೆಯಿಂದ ಸಾಧನವೇ ಕಾರಣ ಎಂದು ಖಚಿತವಾಗಿ ಹೇಳಲಾಗದು. ವ್ಯತ್ಯಾಸ ಕಾಣದ ಅಧ್ಯಯನಗಳೂ ಇವೆ. ಇದೇ ಕ್ಯಾನ್ಸರ್‌ನ ಆರಂಭಿಕ ಹಂತದ 760 ಮಹಿಳೆಯರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೊಟ್ಟೆ ತೆರೆದವರಿಗೂ ಸಣ್ಣ ರಂಧ್ರದವರಿಗೂ ನಾಲ್ಕೂವರೆ ವರ್ಷಗಳ ಬಳಿಕ ಫಲಿತಾಂಶ ಹೆಚ್ಚುಕಡಿಮೆ ಒಂದೇ ಆಗಿತ್ತು.

ಹಾಗಾದರೆ ನಾವು ತಿಳಿಯಬೇಕಾದದ್ದೇನು? ಸಾಧನ ಹೇಗೆ ಬಳಸಬೇಕು ಎಂಬುದು ನಿಜವಾದ ಪ್ರಶ್ನೆ. ಆಪರೇಷನ್ನೇ ಬೇಡ ಎಂಬುದು ಅದಕ್ಕೆ ಉತ್ತರವಲ್ಲ. ಕಣ ಚೆಲ್ಲದಂತೆ ಏನು ಎಚ್ಚರ ವಹಿಸುತ್ತೀರಿ ಎಂದು ಸರ್ಜನ್‌ರನ್ನು ಧೈರ್ಯವಾಗಿ ಕೇಳಿ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ನಾಚಿಕೆಪಡದೆ ವೈದ್ಯರಿಗೆ ತೋರಿಸಿ. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನು ಮಾಡೋಣ.