ಮಾತು ನಿಂತ ಉಸ್ತಾದ್: ಇಮಾಮ್ ಗಝಾಲಿ(ರ)

ಇಮಾಮ್ ಗಝಾಲಿ(ರ)ಯವರ ಹೆಸರು ಕೇಳದವರು ನಮ್ಮಲ್ಲಿ ವಿರಳ. 'ಇಹ್ಯಾ ಉಲೂಮಿದ್ದೀನ್' ಗ್ರಂಥದ ಕರ್ತೃವೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಕೀರ್ತಿಯ ಶಿಖರದಲ್ಲಿದ್ದಾಗಲೇ ಅವರ ಮನಸ್ಸು ಕುಸಿದು, ತರಗತಿಯಲ್ಲಿ ಒಂದು ಮಾತೂ ಹೊರಡದಂತಾಗಿತ್ತೆಂಬುದು ನಿಮಗೆ ಗೊತ್ತೇ? ಮನೋವೇದನೆಯಿಂದ ಓದು ಬಿಟ್ಟು, ದೊಡ್ಡವರಾದ ಮೇಲೆ ಮತ್ತೆ ಪುಸ್ತಕ ಹಿಡಿದವರು ನಿಮ್ಮಲ್ಲಿದ್ದರೆ, ಅಥವಾ ಅಂಥವರಿಗೆ ನೀವು ಪಾಠ ಹೇಳುತ್ತಿದ್ದರೆ, ಈ ಜೀವನ ನಿಮಗೆ ಬಹಳ ಹತ್ತಿರದ್ದು.

ಕ್ರಿ.ಶ. 1058ರ ಸುಮಾರಿಗೆ ಈಗಿನ ಇರಾನಿಗೆ ಸೇರಿದ ತೂಸ್‌ನಲ್ಲಿ ಅವರ ಜನನ. ತಂದೆ ಉಣ್ಣೆ ನೂಲುವ ಬಡವರು. ತಮಗೆ ಸಿಗದ ವಿದ್ಯೆ ಮಕ್ಕಳಿಗಾದರೂ ಸಿಗಲೆಂದು, ಮರಣಕ್ಕೆ ಮುನ್ನ ಇಬ್ಬರು ಗಂಡುಮಕ್ಕಳನ್ನೂ ಇದ್ದ ಅಲ್ಪ ಹಣವನ್ನೂ ಗೆಳೆಯನೊಬ್ಬನಿಗೆ ಒಪ್ಪಿಸಿದರಂತೆ. ಹಣ ಮುಗಿದಾಗ ಹುಡುಗರು ಊಟ ಸಿಗುವ ಮದ್ರಸ ಸೇರಿದರು. ಮುಂದೆ ನಿಶಾಪುರದಲ್ಲಿ ಇಮಾಮ್ ಜುವೈನಿಯವರ ಶಿಷ್ಯತ್ವ. 1091ರಲ್ಲಿ, ಮೂವತ್ತಮೂರರ ಆಸುಪಾಸಿನಲ್ಲೇ, ಬಗ್ದಾದಿನ ನಿಝಾಮಿಯ್ಯಾ ಮದ್ರಸದ ಮುಖ್ಯ ಪೀಠ ಅವರ ಪಾಲಿಗೆ ಬಂತು. ಮುನ್ನೂರು ವಿದ್ಯಾರ್ಥಿಗಳು ಅವರ ಮುಂದೆ ಕೂರುತ್ತಿದ್ದರು.

ನಾಲ್ಕು ವರ್ಷಗಳ ಬಳಿಕ, 1095ರ ಜುಲೈಯಲ್ಲಿ, ಕಷ್ಟ ಶುರುವಾಯಿತು. ತಾನು ಕಲಿಸುತ್ತಿರುವುದು ಅಲ್ಲಾಹನಿಗಾಗಿಯೋ ಹೆಸರಿಗಾಗಿಯೋ ಎಂಬ ಸಂಶಯ ಅವರನ್ನು ತಿನ್ನತೊಡಗಿತು. ಬೆಳಗ್ಗೆ ಎಲ್ಲವನ್ನೂ ಬಿಟ್ಟು ಹೊರಡುವ ನಿರ್ಧಾರ, ಸಂಜೆಗೆ ಅದು ಮಾಯ. ಕೊನೆಗೆ ನಾಲಿಗೆಯೇ ಕಟ್ಟಿತು. ಕಾದು ಕುಳಿತ ವಿದ್ಯಾರ್ಥಿಗಳ ಸಮಾಧಾನಕ್ಕಾಗಿ ಒಂದು ದಿನವಾದರೂ ಪಾಠ ಮಾಡಬೇಕೆಂದು ಹೆಣಗಿದರೂ ಮಾತು ಬರಲಿಲ್ಲ. ಅನ್ನ ಸೇರಲಿಲ್ಲ, ನೀರಿನ ಗುಟುಕೂ ಗಂಟಲಲ್ಲಿ ಇಳಿಯಲಿಲ್ಲ. ಇದು ಮನಸ್ಸಿನಲ್ಲಿ ಹುಟ್ಟಿ ಶರೀರಕ್ಕೆ ಇಳಿದ ಬಾಧೆ, ಒಳಗಿನ ಚಿಂತೆ ನೀಗದೆ ಮದ್ದು ಹತ್ತದು ಎಂದು ವೈದ್ಯರು ಕೈಚೆಲ್ಲಿದರು. ಆ ಕಾಲದ ರಾಜಕೀಯ ಭಯವೂ ಸೇರಿತ್ತೆಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಈ ಕಾಯಿಲೆಗೆ ಒಂಬೈನೂರು ವರ್ಷಗಳ ನಂತರ ಕುಳಿತು ಇಂದಿನ ಹೆಸರು ಅಂಟಿಸುವ ಗೋಜಿಗೆ ನಾನು ಹೋಗಲಾರೆ. ಆ ಕಾಲದ ಅಷ್ಟು ದೊಡ್ಡ ಉಸ್ತಾದ್ ಅದನ್ನು ಮುಚ್ಚಿಡದೆ 'ಅಲ್ ಮುನ್ಕಿದ್'ನಲ್ಲಿ ತಾವೇ ಬರೆದಿಟ್ಟರಲ್ಲ, ಅದೇ ನನಗೆ ಮುಖ್ಯ.

ಕುಟುಂಬಕ್ಕೆ ಬೇಕಾದಷ್ಟನ್ನು ಉಳಿಸಿ, ಮಿಕ್ಕ ಸಂಪತ್ತನ್ನು ಹಂಚಿ ಅವರು ಬಗ್ದಾದ್ ತೊರೆದರು. ಪಾಠವನ್ನು ತಮ್ಮ ಅಹ್ಮದ್ ವಹಿಸಿಕೊಂಡರು. ದಮಾಸ್ಕಸ್‌ನ ದೊಡ್ಡ ಮಸೀದಿಯ ಮಿನಾರ ಹತ್ತಿ, ಬಾಗಿಲು ಹಾಕಿಕೊಂಡು ದಿನವಿಡೀ ಏಕಾಂತ. ಅಲ್ಲಿಂದ ಜೆರುಸಲೇಮ್, ಬಳಿಕ ಹಜ್ಜ್. ಅವರ ಮಹಾಗ್ರಂಥ 'ಇಹ್ಯಾ' ಬಗ್ದಾದ್ ತೊರೆದ ನಂತರದ ಈ ವರ್ಷಗಳ ಕೃತಿ.

ಅದರ ನಲವತ್ತು ಭಾಗಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಹೇಳುವೆ. ಮನಸ್ಸನ್ನು ಪಳಗಿಸುವ ಭಾಗದಲ್ಲಿ, ಎಲ್ಲ ರೋಗಿಗಳಿಗೂ ಒಂದೇ ಮದ್ದು ಕೊಡುವ ವೈದ್ಯ ಹೆಚ್ಚಿನವರನ್ನು ಕೊಂದಾನು ಎಂದು ಅವರು ಎಚ್ಚರಿಸುತ್ತಾರೆ. ಕಲಿಸುವವನು ಕಲಿಯುವವನ ಬಾಧೆ, ವಯಸ್ಸು, ಪ್ರಕೃತಿ, ತಾಳಿಕೆ ಎಲ್ಲವನ್ನೂ ನೋಡಬೇಕು. ಪಾಠಶಾಲೆಗೆ ಬರಲೊಪ್ಪದ ಹುಡುಗನನ್ನು ಮೊದಲು ಚೆಂಡಿನಾಟದಿಂದ ಒಲಿಸುವಂತೆ, ಮೆಟ್ಟಿಲು ಮೆಟ್ಟಿಲಾಗಿ ನಡೆಸಬೇಕು. ಹೀಗೆ ಬರೆದವರು ತಮ್ಮ ನಾಲಿಗೆ ನಿಂತದ್ದನ್ನು ಕಂಡವರು ಎಂಬುದನ್ನು ಮರೆಯದಿರಿ.

ಇನ್ನೊಂದು, 'ಮುಹಾಸಬ'ದ ಭಾಗ. ವ್ಯಾಪಾರಿ ತನ್ನ ಪಾಲುದಾರನೊಂದಿಗೆ ಬೆಳಗ್ಗೆ ಕರಾರು ಮಾಡಿಕೊಂಡು, ಹಗಲು ಕಣ್ಣಿಟ್ಟು, ಸಂಜೆ ಲಾಭ ನಷ್ಟ ನೋಡುವಂತೆ ಮನಸ್ಸಿನೊಂದಿಗೂ ದಿನದ ಲೆಕ್ಕ ಇಡುವುದು. ವಯಸ್ಕರಿಗೆ ಕಲಿಸುವ ನೀವು ಇದನ್ನು ಗಮನಿಸಿ: ಇಲ್ಲಿ ಒಬ್ಬನ ಪುಟವನ್ನು ಇನ್ನೊಬ್ಬನ ಪುಟದೊಂದಿಗೆ ತೂಗುವುದಿಲ್ಲ. ಖಿನ್ನತೆಯಿಂದ ಬಳಲುವ ಕಲಿಕಾರ್ಥಿ ಈ ವಾರ ಎರಡು ದಿನ ಬಂದ, ಹತ್ತು ನಿಮಿಷ ಕೂತ, ಒಂದು ಪ್ರಶ್ನೆ ಕೇಳಿದ ಎಂದರೆ ಅದು ಅವನ ಜಮಾ. ಹಾಜರಿ ಪುಸ್ತಕದಲ್ಲಿ ಅದು ಗೈರುಹಾಜರಿಯಾಗಿಯೇ ಕಾಣುತ್ತದೆ! ಆದ್ದರಿಂದ ಅಂಥವನಿಗೆ ಬೇರೆ ಪುಸ್ತಕವೇ ಬೇಕು. ಅವನೊಂದಿಗೇ ಕುಳಿತು, ಅವನ ಒಪ್ಪಿಗೆಯಿಂದ ಬರೆಯಬೇಕು, ಬೇರೆಯವರ ಕೈಗೆ ಸಿಗದಂತೆ ಇಡಬೇಕು.

ಒಂದು ವಿಷಯದಲ್ಲಿ ಮಾತ್ರ ಎಚ್ಚರ. ಲೆಕ್ಕ ತಪ್ಪಿದಾಗ ಮನಸ್ಸನ್ನು ದಂಡಿಸುವುದೂ ಗದರುವುದೂ ಇಮಾಮರ ಪಟ್ಟಿಯಲ್ಲಿವೆ. ಸೋಮಾರಿಗೆ ಅದು ಸರಿ. ಆದರೆ ಮೊದಲೇ ತನ್ನನ್ನು ತಾನು ಹಳಿದುಕೊಂಡು ಬೇಯುತ್ತಿರುವವನಿಗೆ, ವಸ್‌ವಾಸ್‌ನಿಂದ ಒಂದನ್ನೇ ಹತ್ತು ಬಾರಿ ಮಾಡುವವನಿಗೆ, ಅದು ಉರಿಯುವ ಬೆಂಕಿಗೆ ಎಣ್ಣೆ. ರೋಗಿಗೆ ತಕ್ಕ ಮದ್ದು ಎಂಬ ಅವರದೇ ಸೂತ್ರದಂತೆ ಅಲ್ಲಿ ಆ ಪುಟವನ್ನು ಖಾಲಿ ಬಿಟ್ಟು, ವೈದ್ಯರ ಬಳಿ ಕರೆದೊಯ್ಯುವುದೇ ಲೇಸು.

ಗಝಾಲಿ(ರ) ಮತ್ತೆ ಪಾಠಕ್ಕೆ ಕೂತದ್ದು 1106ರಲ್ಲಿ, ನಿಶಾಪುರದಲ್ಲಿ. ಅಂದರೆ ಸುಮಾರು ಹನ್ನೊಂದು ವರ್ಷಗಳ ಬಳಿಕ. ಕೊನೆಯ ದಿನಗಳನ್ನು ತೂಸ್‌ನಲ್ಲಿ, ಮನೆಯ ಪಕ್ಕದ ಮದ್ರಸದಲ್ಲಿ ಕಲಿಸುತ್ತಾ ಕಳೆದು 1111ರ ಡಿಸೆಂಬರ್‌ನಲ್ಲಿ ನಿಧನರಾದರು. ಅವರ ಬಳಿ ಬಹುಕಾಲ ಓದಿದ್ದ ಶಿಷ್ಯನೊಬ್ಬ, ದೊಡ್ಡ ಗ್ರಂಥಗಳಿದ್ದರೂ ತನ್ನ ಬಳಿ ಸದಾ ಇಟ್ಟುಕೊಳ್ಳಲು ಕೆಲವೇ ಹಾಳೆಗಳ ಉಪದೇಶ ಬೇಕೆಂದು ಕೇಳಿದ್ದನಂತೆ. ಇಮಾಮರು ಅವನನ್ನು ಮಗನೆಂದು ಕರೆದು ಬರೆದುಕೊಟ್ಟರು. 'ಅಯ್ಯುಹಲ್ ವಲದ್' ಎಂಬ ಆ ಕಿರುಹೊತ್ತಗೆಯನ್ನು ಒಂದೇ ಕೂರುವಿಕೆಯಲ್ಲಿ ಓದಿ ಮುಗಿಸಬಹುದು.