ಮರಳಿ ಬಾರದ ವೈದ್ಯ: ಚೀನಾದ ಹಳ್ಳಿಗಳಲ್ಲಿ ಡಾ. ಕೋಟ್ನಿಸ್

1938ರ ಸೆಪ್ಟೆಂಬರ್ 1ರಂದು ಮುಂಬಯಿ ಬಂದರಿನಿಂದ ಐವರು ಭಾರತೀಯ ವೈದ್ಯರು ಚೀನಾಕ್ಕೆ ಹಡಗು ಹತ್ತಿದರು. ನಾಲ್ವರು ಸ್ವದೇಶಕ್ಕೆ ಹಿಂದಿರುಗಿದರು. ಹಿಂದಿರುಗದೆ ಅಲ್ಲಿನ ಮಣ್ಣಿನಲ್ಲೇ ಉಳಿದವರು ಡಾ. ದ್ವಾರಕಾನಾಥ ಕೋಟ್ನಿಸ್.

ಕರ್ನಾಟಕದ ಗಡಿಗೆ ಸಮೀಪದ, ಕನ್ನಡಿಗರೂ ಗಣನೀಯ ಸಂಖ್ಯೆಯಲ್ಲಿ ನೆಲೆಸಿರುವ ಸೊಲ್ಲಾಪುರದಲ್ಲಿ 1910ರ ಅಕ್ಟೋಬರ್ 10ರಂದು ಜನಿಸಿದ ಕೋಟ್ನಿಸ್, ಮುಂಬಯಿಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಶಿಕ್ಷಣ ಪಡೆದರು. ಸ್ನಾತಕೋತ್ತರ ವ್ಯಾಸಂಗಕ್ಕೆ ಸಿದ್ಧರಾಗುತ್ತಿದ್ದಾಗಲೇ ಚೀನಾದಿಂದ ಕರೆ ಬಂದಿತು. ಜಪಾನಿನ ದಾಳಿಗೆ ತುತ್ತಾಗಿದ್ದ ಆ ದೇಶಕ್ಕೆ ವೈದ್ಯರನ್ನು ಕಳುಹಿಸಿಕೊಡುವಂತೆ ಸೇನಾನಿ ಝು ದೆ ಅವರು ಜವಾಹರಲಾಲ್ ನೆಹರು ಅವರನ್ನು ಕೋರಿದ್ದರು. ಅಂದಿನ ಕಾಂಗ್ರೆಸ್ ಅಧ್ಯಕ್ಷ ಸುಭಾಷ್‌ಚಂದ್ರ ಬೋಸ್ ದೇಣಿಗೆಗಾಗಿ ಜನತೆಗೆ ಮನವಿ ಮಾಡಿದರು. 22,000 ರೂಪಾಯಿ ಹಾಗೂ ಒಂದು ಆಂಬ್ಯುಲೆನ್ಸ್ ಒದಗಿ ಬಂದವು. ಪರಾಧೀನ ದೇಶವೊಂದು ಮತ್ತೊಂದು ಸಂಕಟಗ್ರಸ್ತ ದೇಶಕ್ಕೆ ಚಾಚಿದ ನೆರವಿನ ಹಸ್ತವದು.

ಡಾ. ಅಟಲ್ ನೇತೃತ್ವದ ತಂಡದಲ್ಲಿ ಚೋಳ್ಕರ್, ಬಸು, ಮುಖರ್ಜಿ ಹಾಗೂ ಕೋಟ್ನಿಸ್ ಇದ್ದರು. ಚೀನಾದಲ್ಲಿ ಪ್ರಯಾಣ ಮುಂದುವರಿಯುತ್ತಿರುವಾಗಲೇ ತಂದೆ ನಿಧನರಾದ ಸುದ್ದಿ ಕೋಟ್ನಿಸ್ ಅವರನ್ನು ತಲುಪಿತು. ಆದರೂ ಅವರು ಊರಿಗೆ ಮರಳಲಿಲ್ಲ. 1939ರ ಫೆಬ್ರವರಿಯಲ್ಲಿ ತಂಡ ಯೆನಾನ್ ಸೇರಿತು.

ಮುಂದೆ ಅವರ ಕಾರ್ಯಕ್ಷೇತ್ರ ಉತ್ತರ ಚೀನಾದ ಗುಡ್ಡಗಾಡಿನ ಹಳ್ಳಿಗಳಾದವು. ಔಷಧಿ, ಉಪಕರಣ ಎರಡಕ್ಕೂ ಕೊರತೆ. ಶತ್ರುಸೇನೆ ಸಮೀಪಿಸಿದರೆ ಆಸ್ಪತ್ರೆಯನ್ನೇ ಸ್ಥಳಾಂತರಿಸಬೇಕಾದ ಸ್ಥಿತಿ. ಪರದೇಶದಲ್ಲಿ ಕಲಿತ ವಿದ್ಯೆಯೊಂದೇ ಅಲ್ಲಿ ಸಾಲದೆಂಬುದನ್ನು ಅರಿತ ಕೋಟ್ನಿಸ್ ಚೀನೀ ಭಾಷೆಯನ್ನು ಮಾತನಾಡಲು, ಬರೆಯಲು ಕಲಿತರು. ಆ ಭಾಷೆಯಲ್ಲೇ ಪಾಠ ಮಾಡಿದರು. ಕೆ ದಿಹುವಾ ಎಂಬುದು ಅಲ್ಲಿ ಅವರ ಹೆಸರಾಯಿತು. 1940ರ ಕದನವೊಂದರಲ್ಲಿ ಸತತ 72 ಗಂಟೆಗಳ ಕಾಲ ನಿದ್ರೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರೆನ್ನಲಾಗಿದೆ.

ಇದೇ ಪ್ರದೇಶದಲ್ಲಿ ಸೇವೆ ಸಲ್ಲಿಸಿದ್ದ ಕೆನಡಾದ ವೈದ್ಯ ನಾರ್ಮನ್ ಬೆಥೂನ್, ಶಸ್ತ್ರಚಿಕಿತ್ಸೆಯ ವೇಳೆ ಬೆರಳಿಗಾದ ಗಾಯ ನಂಜೇರಿ 1939ರ ನವೆಂಬರ್‌ನಲ್ಲಿ ಮೃತಪಟ್ಟಿದ್ದರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾಗಿ 1941ರ ಜನವರಿಯಲ್ಲಿ ಕೋಟ್ನಿಸ್ ನೇಮಕಗೊಂಡರು. ಅದೇ ವರ್ಷ, ಅಲ್ಲಿ ಶುಶ್ರೂಷಾ ಶಿಕ್ಷಕಿಯಾಗಿದ್ದ ಗುವೋ ಚಿಂಗ್ಲಾನ್ ಅವರನ್ನು ವರಿಸಿದರು. 1942ರ ಆಗಸ್ಟ್‌ನಲ್ಲಿ ಜನಿಸಿದ ಮಗನಿಗೆ ಭಾರತ, ಚೀನಾ ಎರಡನ್ನೂ ಸೂಚಿಸುವ ಯಿನ್‌ಹುವಾ ಎಂಬ ಹೆಸರಿಡಲಾಯಿತು.

ಅಷ್ಟರಲ್ಲಿ ಅಪಸ್ಮಾರ ಅವರನ್ನು ಕಾಡತೊಡಗಿತ್ತು. ಬೇರೆಡೆ ಹೋಗಿ ಚಿಕಿತ್ಸೆ ಪಡೆಯುವಂತೆ ಸಂಗಡಿಗರು ಒತ್ತಾಯಿಸಿದರೂ ಅವರು ಕೆಲಸ ಬಿಡಲೊಪ್ಪಲಿಲ್ಲ. ಅವರ ಸ್ಥಾನ ತುಂಬಬಲ್ಲ ವೈದ್ಯರು ಆ ಹಳ್ಳಿಗಳಲ್ಲಿ ವಿರಳವಾಗಿದ್ದರು. 1942ರ ಡಿಸೆಂಬರ್ 9ರಂದು, ತಮ್ಮ 32ನೇ ವಯಸ್ಸಿನಲ್ಲಿ, ಕೋಟ್ನಿಸ್ ಕೊನೆಯುಸಿರೆಳೆದರು. ಮಗುವಿಗೆ ಆಗಿನ್ನೂ ನಾಲ್ಕು ತಿಂಗಳೂ ತುಂಬಿರಲಿಲ್ಲ.

1946ರಲ್ಲಿ ವಿ. ಶಾಂತಾರಾಂ ಅವರ ಬದುಕನ್ನು ತೆರೆಗೆ ತಂದರು. ಚೀನಾ 1982ರಲ್ಲಿ, ಭಾರತ 1993ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದವು. ಶಿಜಿಯಾಜುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಬೆಥೂನ್ ಮತ್ತು ಕೋಟ್ನಿಸ್ ಇಬ್ಬರ ಸಮಾಧಿಗಳೂ ಇವೆ. ಪತ್ನಿ ಗುವೋ 2012ರಲ್ಲಿ ನಿಧನರಾದರು.

ಕೋಟ್ನಿಸ್ ಅವರ ತ್ಯಾಗವನ್ನು ಕೊಂಡಾಡುವುದು ಸುಲಭ. ಆದರೆ ಬೆಥೂನ್ ಮತ್ತು ಕೋಟ್ನಿಸ್ ಇಬ್ಬರ ಮರಣವೂ ಹೇಳುವ ಮಾತು ಮತ್ತೊಂದಿದೆ. ದೂರದ ಹಳ್ಳಿಗೆ ವೈದ್ಯರನ್ನು ಕಳುಹಿಸಿದ ಮಾತ್ರಕ್ಕೆ ಸಮಾಜದ ಹೊಣೆ ತೀರುವುದಿಲ್ಲ. ಅವರಿಗೆ ಔಷಧಿ, ಜೊತೆಗಾರರು ಹಾಗೂ ದಣಿದಾಗ ವಿಶ್ರಾಂತಿ ದೊರಕಿಸುವುದೂ ಆ ಹೊಣೆಯ ಭಾಗವೇ ಆಗಿದೆ.