ಷೇಕ್ಸ್‌ಪಿಯರನ ವಂಶಲಾಂಛನ: ಹೆಸರು, ಗೌರವ ಮತ್ತು ಉತ್ತರಾಧಿಕಾರ

ಇಂಗ್ಲೆಂಡಿನ ನಾಟಕಕಾರ ವಿಲಿಯಂ ಷೇಕ್ಸ್‌ಪಿಯರನ (1564–1616) ಬದುಕಿಗೆ ಸಂಬಂಧಿಸಿದಂತೆ ಉಳಿದುಬಂದಿರುವ ದಾಖಲೆಗಳು ಬಹುಮಟ್ಟಿಗೆ ಆಸ್ತಿ, ತೆರಿಗೆ ಮತ್ತು ವ್ಯಾಜ್ಯಗಳನ್ನು ಕುರಿತವು. ಆತನ ಮನೆತನವು ಸಮಾಜದಲ್ಲಿ ಯಾವ ಸ್ಥಾನವನ್ನು ಬಯಸಿತ್ತು ಎಂಬುದನ್ನು ತಿಳಿಸುವ ದಾಖಲೆಯೆಂದರೆ 1596ರ ವಂಶಲಾಂಛನದ ಕರಡು. ಅಂದಿನ ಇಂಗ್ಲೆಂಡಿನಲ್ಲಿ ಲಾಂಛನವು ಕೇವಲ ಅಲಂಕಾರವಾಗಿರಲಿಲ್ಲ. ಅದನ್ನು ಪಡೆದವನು ಕುಲೀನನೆನಿಸುತ್ತಿದ್ದನು. ಆ ಗೌರವವು ತಂದೆಯಿಂದ ಮಕ್ಕಳಿಗೆ ಇಳಿದುಬರುತ್ತಿತ್ತು.

ತಂದೆ ಜಾನ್ ಷೇಕ್ಸ್‌ಪಿಯರ್ ಸ್ಟ್ರಾಟ್‌ಫರ್ಡಿನಲ್ಲಿ ಚರ್ಮದ ಕೈಗವಸುಗಳನ್ನು ಮಾಡುವ ಕಸುಬಿನವನು. 1568ರಲ್ಲಿ ಆತನು ಪಟ್ಟಣಾಡಳಿತದ ಮುಖ್ಯಸ್ಥನಾದನು. ಆ ಬಳಿಕ ಲಾಂಛನಕ್ಕಾಗಿ ಮಾಡಿದ ಮೊದಲ ಪ್ರಯತ್ನವು ಕೈಗೂಡಲಿಲ್ಲ. 1570ರ ದಶಕದ ಕೊನೆಯ ವೇಳೆಗೆ ಆತನ ಆರ್ಥಿಕ ಸ್ಥಿತಿ ಕುಸಿಯಿತು. 1578ರಲ್ಲಿ ಪತ್ನಿ ಮೇರಿ ಆರ್ಡನ್ನಳಿಗೆ ತವರಿನಿಂದ ಬಂದ ಭೂಮಿಯನ್ನು ಅಡವಿಡಬೇಕಾಯಿತು. 1586ರಲ್ಲಿ ಪುರಸಭೆಯ ಸದಸ್ಯತ್ವವೂ ತಪ್ಪಿತು. ಲಂಡನ್ನಿನ ರಂಗಭೂಮಿಯಲ್ಲಿ ನೆಲೆನಿಂತ ಮಗನ ಪ್ರಯತ್ನದಿಂದಲೇ ಹಳೆಯ ಅರ್ಜಿಗೆ ಮರುಜೀವ ಬಂದಿತೆಂದು ವಿದ್ವಾಂಸರು ಭಾವಿಸುತ್ತಾರೆ. 1572ರ ಕಾಯಿದೆಯಂತೆ ಆಶ್ರಯದಾತರಿಲ್ಲದ ನಟರು ಅಲೆಮಾರಿಗಳೊಡನೆ ಎಣಿಕೆಯಾಗುತ್ತಿದ್ದ ಕಾಲವದು.

1596ರ ಅಕ್ಟೋಬರ್ 20ರಂದು ಲಾಂಛನಾಧಿಕಾರಿ ವಿಲಿಯಂ ಡೆಥಿಕ್ ಸಿದ್ಧಪಡಿಸಿದ ಕರಡಿನಲ್ಲಿ ಚಿನ್ನದ ಬಣ್ಣದ ಗುರಾಣಿಯ ಮೇಲೆ ಕಪ್ಪು ಓರೆಪಟ್ಟಿಯಿದೆ. ಅದರ ಮೇಲೆ ಬೆಳ್ಳಿಯ ಮೊನೆಯುಳ್ಳ ಚಿನ್ನದ ಈಟಿಯಿದೆ. ಮೇಲ್ಭಾಗದಲ್ಲಿ ರೆಕ್ಕೆ ಬಿಚ್ಚಿದ ಬಿಳಿಯ ಗಿಡುಗವೊಂದು ಈಟಿಯನ್ನು ಹಿಡಿದು ನಿಂತಿದೆ. ಇಂಗ್ಲಿಷಿನಲ್ಲಿ ‘ಷೇಕ್’ ಎಂದರೆ ಝಳಪಿಸು, ‘ಸ್ಪಿಯರ್’ ಎಂದರೆ ಈಟಿ. ಹೀಗೆ ಮನೆತನದ ಹೆಸರೇ ಚಿತ್ರವಾಗಿದೆ. ಈಟಿಯು ಕ್ಷಾತ್ರದ, ಗಿಡುಗವು ಕುಲೀನರ ಬೇಟೆಯ ಸಂಕೇತ. ಪೂರ್ವಜರು ಏಳನೆಯ ಹೆನ್ರಿಗೆ ಸೇವೆ ಸಲ್ಲಿಸಿದ್ದರೆಂದು ಕರಡು ಹೇಳಿದರೂ ಅದಕ್ಕೆ ಬೇರೆ ಆಧಾರ ದೊರೆತಿಲ್ಲ. ಕಸುಬಿನ ಕೈಗವಸಿಗಾಗಲಿ ರಂಗಭೂಮಿಗಾಗಲಿ ಈ ಲಾಂಛನದಲ್ಲಿ ಎಡೆಯಿಲ್ಲವೆಂಬುದು ಗಮನಾರ್ಹ. ತಮಗಿದು ಹಕ್ಕಿನಿಂದಲೇ ಬಂದುದೆಂಬ ಅರ್ಥದ ಫ್ರೆಂಚ್ ಧ್ಯೇಯವಾಕ್ಯವೂ ಕರಡಿನಲ್ಲಿದೆ.

ಈ ಹಕ್ಕು ಪ್ರಶ್ನಾತೀತವಾಗಿ ಉಳಿಯಲಿಲ್ಲ. 1602ರಲ್ಲಿ ಮತ್ತೊಬ್ಬ ಲಾಂಛನಾಧಿಕಾರಿ ರಾಲ್ಫ್ ಬ್ರೂಕ್, ಅನರ್ಹರಿಗೆ ಲಾಂಛನ ನೀಡಲಾಗಿದೆಯೆಂದು ಆಕ್ಷೇಪಿಸಿ ಷೇಕ್ಸ್‌ಪಿಯರ್ ಮನೆತನವನ್ನೂ ಆ ಪಟ್ಟಿಗೆ ಸೇರಿಸಿದನು. ಗುರಾಣಿಯು ಪ್ರಾಚೀನ ಮಾಲೀ ಮನೆತನದ ಲಾಂಛನವನ್ನು ಹೋಲುತ್ತದೆಂಬುದೂ ಆಕ್ಷೇಪಕ್ಕೆ ಒಳಗಾಯಿತು. ಈಟಿಯೇ ಅವೆರಡನ್ನೂ ಬೇರ್ಪಡಿಸುತ್ತದೆಂದೂ ಜಾನನು ಅಧಿಕಾರಸ್ಥಾನದಲ್ಲಿದ್ದವನೆಂದೂ ಡೆಥಿಕ್ ಮತ್ತು ವಿಲಿಯಂ ಕ್ಯಾಮ್ಡನ್ ಸಮರ್ಥಿಸಿದರು. ಜಾನನು 1601ರಲ್ಲಿಯೇ ತೀರಿಕೊಂಡಿದ್ದರಿಂದ ಈ ವಿವಾದದ ಅಪಮಾನವು ಮಗನ ಪಾಲಿಗೆ ಬಂದಿತು.

ಆದರೆ ಇದಕ್ಕಿಂತ ದೊಡ್ಡ ಕೊರತೆಯು ಕರಡು ಸಿದ್ಧವಾಗುವ ಮೊದಲೇ ಉಂಟಾಗಿತ್ತು. ಷೇಕ್ಸ್‌ಪಿಯರನ ಏಕೈಕ ಪುತ್ರ, 11 ವರ್ಷದ ಹ್ಯಾಮ್ನೆಟ್, 1596ರ ಆಗಸ್ಟ್ 11ರಂದು ಸ್ಟ್ರಾಟ್‌ಫರ್ಡಿನಲ್ಲಿ ಸಮಾಧಿಯಾಗಿದ್ದನು. ಹೆಸರಿನೊಡನೆ ಲಾಂಛನವನ್ನೂ ಮುಂದಕ್ಕೊಯ್ಯಬೇಕಾದ ಮಗನನ್ನು ಕಳೆದುಕೊಂಡ ಹತ್ತು ವಾರಗಳಲ್ಲಿ ತಂದೆಯ ಮನೆತನಕ್ಕೆ ಲಾಂಛನ ದೊರೆಯಿತು. ಸೋದರರಾದ ಎಡ್ಮಂಡ್ (1607), ಗಿಲ್ಬರ್ಟ್ (1612), ರಿಚರ್ಡ್ (1613) ಉತ್ತರಾಧಿಕಾರಿಗಳಿಲ್ಲದೆ ಷೇಕ್ಸ್‌ಪಿಯರನಿಗಿಂತ ಮೊದಲೇ ಗತಿಸಿದರು. ಮಗಳು ಜೂಡಿತಳ ಮೂವರು ಗಂಡುಮಕ್ಕಳೂ ಆಕೆಯ ಜೀವಿತಕಾಲದಲ್ಲಿಯೇ ತೀರಿಕೊಂಡರು. ಹಿರಿಯ ಮಗಳು ಸುಸಾನಳ ಪುತ್ರಿ ಎಲಿಜಬೆತ್ 1670ರಲ್ಲಿ ಮಕ್ಕಳಿಲ್ಲದೆ ತೀರಿಕೊಳ್ಳುವುದರೊಂದಿಗೆ ಷೇಕ್ಸ್‌ಪಿಯರನ ನೇರ ಸಂತತಿ ಮುಗಿಯಿತು.

ಸ್ಟ್ರಾಟ್‌ಫರ್ಡಿನ ಹೋಲಿ ಟ್ರಿನಿಟಿ ಚರ್ಚಿನ ಸ್ಮಾರಕದಲ್ಲಿ ಈ ಲಾಂಛನವನ್ನು ಕೆತ್ತಲಾಗಿದೆ. ಅದರ ಕೆಳಗೆ ಲೇಖನಿ ಹಿಡಿದ ಕವಿಯ ಪ್ರತಿಮೆಯಿದೆ. ಮನೆತನವು ಈಟಿಯಿಂದ ಬಯಸಿದ ಸ್ಥಿರತೆ ಅದಕ್ಕೆ ದಕ್ಕಲಿಲ್ಲ. ಲಾಂಛನದಲ್ಲಿ ಎಡೆಪಡೆಯದ ವೃತ್ತಿಯೇ ಆ ಹೆಸರನ್ನು ಉಳಿಸಿತು.